1000 ವ್ಯಾಟಿನ ಡಬ್ಬಿ, 15 ಆಂಪಿಯರಿನ ಸಾಕೆಟ್

ಪ್ರಶ್ನೆ: ನಾನು ಮುದ್ದೇಬಿಹಾಳದವನು. ಮದುವೆ, ಸೀಮಂತ, ಜಾತ್ರೆಗಳ ಫೋಟೊ, ವಿಡಿಯೊ ಮಾಡುತ್ತೇನೆ. ಹಳ್ಳಿ ಹಳ್ಳಿ ತಿರುಗುವಾಗ ಕರೆಂಟಿನದೇ ಚಿಂತೆ. ಅದಕ್ಕೇ ಆನ್‌ಲೈನಿನಲ್ಲಿ 1000 ವ್ಯಾಟ್ ಎಂದು ಬರೆದ ಕಾರ್ ಇನ್ವರ್ಟರ್ ತರಿಸಿದೆ. ಲೈಟರ್ ಸಾಕೆಟ್ಟಿಗೆ ಸಿಕ್ಕಿಸಿ ಲ್ಯಾಪ್‌ಟಾಪ್, ಕ್ಯಾಮೆರಾ ಬ್ಯಾಟರಿ, ಡ್ರೋನ್ ಬ್ಯಾಟರಿ ಚಾರ್ಜ್ ಮಾಡುತ್ತಿದ್ದೆ. ಹೋದ ತಿಂಗಳು ಎಲ್ಲವನ್ನೂ ಒಟ್ಟಿಗೆ ಹಾಕಿ, ಮೇಲೆ ಎಲ್‌ಇಡಿ ವಿಡಿಯೊ ಲೈಟನ್ನೂ ಹಚ್ಚಿದಾಗ ಫ್ಯೂಜ್ ಹೋಯಿತು. ಪರಿಚಯದ ಮೇಸ್ತ್ರಿ 15ರ ಬದಲು 30ರ ಫ್ಯೂಜ್ ಹಾಕಿ ಕೊಟ್ಟರು. ಈಗ ಫ್ಯೂಜ್ ಹೋಗುತ್ತಿಲ್ಲ. ಆದರೆ ಸಾಕೆಟ್ ಕೈ ಇಡಲಾರದಷ್ಟು ಬಿಸಿಯಾಗುತ್ತದೆ. ಹೀಗೇ ಬಳಸಬಹುದಾ? ಗಾಡಿಯ ಬ್ಯಾಟರಿ ಬೇಗ ಹಾಳಾಗುತ್ತಾ? ಅಪ್ಪನಿಗೆ ದಮ್ಮು ಇದೆ, ದೂರ ಹೋಗುವಾಗ ನೆಬ್ಯುಲೈಸರ್ ಇದರ ಮೇಲೆ ನಡೆಸಬಹುದಾ? ಮನೆಯವರು ಎಲೆಕ್ಟ್ರಿಕ್ ಕೆಟಲ್ ಕೂಡ ಹಾಕೋಣ ಅನ್ನುತ್ತಿದ್ದಾರೆ. ಗಾಡಿ ಪೆಟ್ರೋಲಿನದು, 7 ಸೀಟು, ಬ್ಯಾಟರಿ 45 ಎಎಚ್ (ಆಂಪಿಯರ್-ಅವರ್).

ಉತ್ತರ: ಉಳಿದ ಮಾತು ಆಮೇಲೆ. ಮೊದಲು ಎದ್ದು ಹೋಗಿ ಆ 30ರ ಫ್ಯೂಜ್ ಕಿತ್ತು ಬನ್ನಿ. ಹಸಿರು ಬಣ್ಣದ್ದು ಇರುತ್ತದೆ. ಅದರ ಜಾಗದಲ್ಲಿ ಮೊದಲಿದ್ದ ನೀಲಿಯದು, ಅಂದರೆ 15ರದ್ದು ಹಾಕಬೇಕು. ಅಂಗಡಿಯಿಂದ ಹೊಸದು ತರುವವರೆಗೆ ಆ ಜಾಗ ಖಾಲಿ ಇದ್ದರೂ ಚಿಂತೆಯಿಲ್ಲ. ಹೆಚ್ಚೆಂದರೆ ಟೇಪು ಹಾಡುವುದಿಲ್ಲ, ಗಾಡಿ ಓಡುತ್ತದೆ.

ನಿಮ್ಮ ಮೇಸ್ತ್ರಿಯನ್ನು ನಾನು ಬೈಯುವುದಿಲ್ಲ. ವಿಜಯಪುರದಲ್ಲಿ 25 ವರ್ಷ ಗಾಡಿಗಳ ವೈರಿಂಗ್ ಕೆಲಸ ಮಾಡಿದವನು ನಾನು. ಗಿರಾಕಿ ಬಂದು "ಮದುವಿಗೆ ಹೊತ್ತಾತು, ಹೆಂಗರ ಮಾಡಿ ಕೊಡ್ರಿ" ಎಂದು ತಲೆಯ ಮೇಲೆ ನಿಂತಾಗ, ಕೈಗೆ ಸಿಕ್ಕ ಫ್ಯೂಜ್ ಹಾಕಿ ಕಳಿಸುವ ಚಟ ನಮ್ಮ ಧಂದೆಯಲ್ಲಿ ಹಳೆಯದು. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿದ್ದನ್ನು ನೋಡಿದ್ದೇನೆ. ಟ್ರಾಕ್ಟರಿನಲ್ಲಿ ಫ್ಯೂಜಿನ ಜಾಗದಲ್ಲಿ ಮೊಳೆ ಇಟ್ಟದ್ದನ್ನೂ ನೋಡಿದ್ದೇನೆ. "ಏನೂ ಆಗೂದಿಲ್ಲ ಹೋಗ್ರಿ" ಅನ್ನುವುದು ಸುಲಭ. ಬಹಳ ಸಲ ಏನೂ ಆಗುವುದೂ ಇಲ್ಲ. ಅದೇ ತೊಂದರೆ.

ಫ್ಯೂಜ್ ಇರುವುದು ನಿಮ್ಮ ಇನ್ವರ್ಟರ್ ಉಳಿಸಲಿಕ್ಕೆ ಎಂದು ಹಲವರು ತಿಳಿದಿರುತ್ತಾರೆ. ಅದು ಇರುವುದು ವೈರಿಗಾಗಿ. ಗಾಡಿ ಮಾಡಿದವರು ಲೈಟರ್ ಸಾಕೆಟ್ಟಿಗೆ ಇಂತಿಷ್ಟೇ ದಪ್ಪದ ವೈರ್ ಎಳೆದಿರುತ್ತಾರೆ. ಆ ವೈರ್ ಕಾದು ಸುಡುವ ಮೊದಲೇ ಸುಟ್ಟು ಹೋಗುವಂಥ ಫ್ಯೂಜನ್ನು ಲೆಕ್ಕ ಹಾಕಿ ಇಟ್ಟಿರುತ್ತಾರೆ. 15ರ ಜಾಗದಲ್ಲಿ 30 ಹಾಕಿದಿರಿ ಅಂದರೆ ಈಗ ಫ್ಯೂಜಿಗಿಂತ ಮೊದಲು ಸುಡುವುದು ವೈರ್. ಆ ವೈರ್ ಇರುವುದು ಡ್ಯಾಶ್‌ಬೋರ್ಡಿನ ಹಿಂದೆ, ಪ್ಲಾಸ್ಟಿಕ್ಕು, ಸ್ಪಂಜು, ಬೇರೆ ವೈರುಗಳ ಗೊಂಚಲಿನ ನಡುವೆ. ಹೊಗೆ ಕಾಣಿಸುವ ಹೊತ್ತಿಗೆ ಕೈಗೆ ಸಿಗುವಂತಿರುವುದಿಲ್ಲ.

ಸಾಕೆಟ್ ಬಿಸಿಯಾಗುವುದಕ್ಕೆ ಇನ್ನೊಂದು ಕಾರಣವೂ ಇದೆ. ಅದರ ಹೆಸರಲ್ಲೇ ಇದೆ ನೋಡಿ, ಲೈಟರ್ ಸಾಕೆಟ್. ಸಿಗರೇಟ್ ಹಚ್ಚುವ ಸುರುಳಿಯನ್ನು ಕಾಯಿಸಲಿಕ್ಕೆ ಹುಟ್ಟಿದ್ದು ಅದು. ಒತ್ತಿದರೆ ಹತ್ತು ಹದಿನೈದು ಸೆಕೆಂಡಿನಲ್ಲಿ ಸುರುಳಿ ಕೆಂಪಾಗಿ ಟಕ್ ಎಂದು ತಾನೇ ಹೊರಗೆ ಬರುತ್ತಿತ್ತು. ಗಂಟೆಗಟ್ಟಲೆ ಕರೆಂಟ್ ಕೊಡಲಿ ಎಂದು ಯಾರೂ ಅದನ್ನು ಮಾಡಿರಲಿಲ್ಲ. ನೀವು ಸಿಕ್ಕಿಸುವ ಪ್ಲಗ್ಗಿನ ತುದಿಯಲ್ಲಿ ಸ್ಪ್ರಿಂಗಿನ ಒಂದು ಸಣ್ಣ ಗುಂಡಿ, ಪಕ್ಕದಲ್ಲಿ ಎರಡು ತಗಡಿನ ಕಿವಿ, ಅಷ್ಟೇ ಅದರ ಹಿಡಿತ. ನಮ್ಮ ರಸ್ತೆಗಳಲ್ಲಿ ಗಾಡಿ ಅಲ್ಲಾಡಿದಂತೆಲ್ಲ ಆ ಹಿಡಿತ ಸಡಿಲಾಗುತ್ತದೆ. ಸಡಿಲಾದಲ್ಲಿ ಕಾವು ಹುಟ್ಟುತ್ತದೆ. ಟಾರ್ಚ್ ಹಿಡಿದು ಸಾಕೆಟ್ಟಿನ ಒಳಗೊಮ್ಮೆ ನೋಡಿ. ಪ್ಲಾಸ್ಟಿಕ್ ಕಂದಾಗಿದ್ದರೆ, ಅಂಚು ಕರಗಿದ್ದರೆ, ಸಾಕೆಟ್ಟನ್ನೇ ಬದಲಾಯಿಸಿ. ಅದರ ಹಿಂದಿನ ವೈರಿನ ಸಿಪ್ಪೆ ಗಟ್ಟಿಯಾಗಿ ಒಡೆಯುತ್ತಿದ್ದರೆ ಅದನ್ನೂ.

ಈಗ ಲೆಕ್ಕಕ್ಕೆ ಬರೋಣ. ಕಾರಿನ ಇನ್ವರ್ಟರ್ ವಿಷಯದಲ್ಲಿ ಒಂದೇ ಒಂದು ಲೆಕ್ಕ ಗೊತ್ತಿದ್ದರೆ ಸಾಕು: ಸಾಮಾನಿನ ವ್ಯಾಟನ್ನು 10ರಿಂದ ಭಾಗಿಸಿ. ಬಂದ ಅಂಕಿ ಗಾಡಿಯ ಕಡೆಯಿಂದ ಹರಿಯುವ ಆಂಪಿಯರ್. ಬ್ಯಾಟರಿ 12 ವೋಲ್ಟಿನದಲ್ವಾ, 12ರಿಂದ ಯಾಕೆ ಭಾಗಿಸಬಾರದು ಎಂದು ಕೇಳಬಹುದು. ಇನ್ವರ್ಟರ್ ತನ್ನ ಪಾಲು ತಿನ್ನುತ್ತದೆ, ನೂರಕ್ಕೆ ಹತ್ತು ಹದಿನೈದು ಕಾವಾಗಿ ಹೋಗುತ್ತದೆ. ಅದನ್ನೂ ಸೇರಿಸಿದರೆ ಹೆಚ್ಚುಕಡಿಮೆ 10ರಿಂದ ಭಾಗಿಸಿದ ಹಾಗೇ ಆಗುತ್ತದೆ.

ನಿಮ್ಮ ಸಾಮಾನು ನೋಡೋಣ. ಲ್ಯಾಪ್‌ಟಾಪ್ ಚಾರ್ಜರ್ 65 ವ್ಯಾಟ್ ಎಂದು ಹಿಡಿಯಿರಿ. ಕ್ಯಾಮೆರಾ ಚಾರ್ಜರ್ ಎರಡು, ತಲಾ 15. ಡ್ರೋನ್ ಚಾರ್ಜರ್ 80. ಎಲ್‌ಇಡಿ ಲೈಟ್ 60. ಒಟ್ಟು 235 ವ್ಯಾಟ್. ಹತ್ತರಿಂದ ಭಾಗಿಸಿದರೆ 23 ಆಂಪಿಯರ್ ದಾಟಿತು. 15ರ ಫ್ಯೂಜ್ ಹೋದದ್ದರಲ್ಲಿ ಆಶ್ಚರ್ಯವೇನಿದೆ? ಅದು ತನ್ನ ಕೆಲಸ ಮಾಡಿದೆ. ಎಲ್ಲ ಚಾರ್ಜರ್‌ಗಳ ಬೆನ್ನ ಮೇಲೆ ಸಣ್ಣ ಅಕ್ಷರದಲ್ಲಿ ವೋಲ್ಟು, ಆಂಪಿಯರು ಬರೆದಿರುತ್ತದೆ. ಔಟ್‌ಪುಟ್ ಎಂಬ ಸಾಲಿನ ಎರಡು ಅಂಕಿಗಳನ್ನು ಗುಣಿಸಿದರೆ ವ್ಯಾಟ್ ಸಿಗುತ್ತದೆ. ಒಂದು ಸಲ ಕೂತು ನಿಮ್ಮ ಚೀಲದ ಎಲ್ಲ ಸಾಮಾನಿನದೂ ಬರೆದಿಟ್ಟುಕೊಳ್ಳಿ.

15ರ ಫ್ಯೂಜ್ ಇದೆ ಎಂದು ಪೂರ್ತಿ 15 ಎಳೆಯಬೇಡಿ. ತಾಸುಗಟ್ಟಲೆ ನಡೆಸುವುದಾದರೆ ಲೈಟರ್ ಸಾಕೆಟ್ಟಿನಿಂದ 100 ವ್ಯಾಟ್ ಸಾಕು, 120 ಕೊನೆ. ಬಹಳ ಕಾರುಗಳ ಸಾಕೆಟ್ ಮುಚ್ಚಳದ ಮೇಲೆಯೇ 12 ವೋಲ್ಟ್, 120 ವ್ಯಾಟ್ ಎಂದು ಬರೆದಿರುತ್ತದೆ. ಯಾರೂ ಓದುವುದಿಲ್ಲ.

ಹಾಗಾದರೆ ಡಬ್ಬಿಯ ಮೇಲಿನ 1000 ವ್ಯಾಟ್ ಏನಾಯಿತು? ಹೊಲದಲ್ಲಿ 10 ಎಚ್‌ಪಿ ಮೋಟಾರ್ ಕೂರಿಸಿ ಒಂದು ಇಂಚಿನ ಪೈಪ್ ಹಾಕಿದರೆ ನೀರು ಪೈಪಿನಷ್ಟೇ ಬರುತ್ತದಲ್ಲ, ಹಾಗೇ ಇದು. ಅದರಲ್ಲೂ ಇಂಥ ಡಬ್ಬಿಗಳ ಮೇಲೆ ದೊಡ್ಡದಾಗಿ ಬರೆಯುವುದು ಪೀಕ್ ವ್ಯಾಟ್. ಕಣ್ಣು ಮಿಟುಕಿಸುವಷ್ಟು ಹೊತ್ತು ತಡೆಯಬಲ್ಲ ಭಾರ ಅದು. ನಿರಂತರವಾಗಿ ಕೊಡುವುದು ಅದರ ಅರ್ಧ, ಕೆಲವದರಲ್ಲಿ ಅರ್ಧಕ್ಕಿಂತ ಕಡಿಮೆ. ನಿಜಕ್ಕೂ 1000 ವ್ಯಾಟ್ ಕೊಡಬೇಕಾದರೆ 100 ಆಂಪಿಯರ್ ಬೇಕು. ನಿಮ್ಮ ಗಾತ್ರದ ಗಾಡಿಯ ಡೈನಮೋ, ಈಗ ಆಲ್ಟರ್ನೇಟರ್ ಅನ್ನುತ್ತಾರೆ, ಪೂರ್ತಿ ಜೋರಾಗಿ ತಿರುಗಿದರೂ ಅಷ್ಟು ಹುಟ್ಟಿಸುವುದು ಕಷ್ಟ. ಅಷ್ಟು ಕರೆಂಟನ್ನು ಪೆನ್ನಿನ ರೀಫಿಲ್ಲಿನಷ್ಟು ದಪ್ಪದ ವೈರಿನಲ್ಲಿ ಲೈಟರ್ ಸಾಕೆಟ್ಟಿನಿಂದ ಎಳೆಯುತ್ತೇವೆ ಅನ್ನುವವರು ಡಬ್ಬಿ ಮಾರುವವರು ಮಾತ್ರ.

ನಿಮ್ಮ ಕೆಲಸಕ್ಕೆ ನಾನು ಹೇಳುವ ದಾರಿ ಸ್ವಲ್ಪ ಬೇರೆ. ಮುಕ್ಕಾಲು ಭಾಗ ಕೆಲಸಕ್ಕೆ ನಿಮಗೆ ಇನ್ವರ್ಟರೇ ಬೇಡ.

ಯೋಚಿಸಿ ನೋಡಿ. ಬ್ಯಾಟರಿಯಲ್ಲಿರುವುದು 12 ವೋಲ್ಟಿನ ಡಿಸಿ, ಒಂದೇ ದಿಕ್ಕಿಗೆ ಹರಿಯುವ ಕರೆಂಟ್. ಇನ್ವರ್ಟರ್ ಅದನ್ನು 230 ವೋಲ್ಟಿನ ಎಸಿ, ಅಂದರೆ ಮನೆಯಲ್ಲಿರುವಂಥ ಕರೆಂಟ್ ಮಾಡುತ್ತದೆ. ಅದಕ್ಕೆ ಸಿಕ್ಕಿಸಿದ ಲ್ಯಾಪ್‌ಟಾಪ್ ಚಾರ್ಜರ್ ಮತ್ತೆ ಅದನ್ನು 19 ಅಥವಾ 20 ವೋಲ್ಟಿನ ಡಿಸಿ ಮಾಡುತ್ತದೆ. ಮನೆ ಪಕ್ಕದ ಗಿರಣಿ ಬಿಟ್ಟು ಹುಬ್ಬಳ್ಳಿಗೆ ಹೋಗಿ ಜೋಳ ಬೀಸಿಸಿಕೊಂಡು ಬಂದ ಹಾಗೆ. ಹೋಗುವಾಗಲೂ ಖರ್ಚು, ಬರುವಾಗಲೂ ಖರ್ಚು. ನಿಮ್ಮ ಲ್ಯಾಪ್‌ಟಾಪ್ ಟೈಪ್-ಸಿ ತೂತಿನಿಂದ ಚಾರ್ಜ್ ಆಗುವಂಥದ್ದಾದರೆ 65 ವ್ಯಾಟಿನ ಪಿಡಿ (ಪವರ್ ಡೆಲಿವರಿ) ಕಾರ್ ಚಾರ್ಜರ್ ತಗೊಳ್ಳಿ. ಹೆಬ್ಬೆರಳಿನಷ್ಟಿರುತ್ತದೆ. ಕೇಬಲ್ ಕೂಡ ಅಷ್ಟು ವ್ಯಾಟ್ ತಡೆಯುವಂಥದ್ದಿರಲಿ, ಫೋನಿನ ಮಾಮೂಲಿ ಕೇಬಲ್ ಸಾಲದು. ದುಂಡು ಪಿನ್ನಿನ ಹಳೆಯ ಲ್ಯಾಪ್‌ಟಾಪ್ ಆದರೆ 12ರಿಂದ 19 ವೋಲ್ಟ್ ಮಾಡುವ ಕಾರ್ ಅಡಾಪ್ಟರ್ ಸಿಗುತ್ತದೆ. ನಿಮ್ಮ ಚಾರ್ಜರ್ ಮೇಲಿರುವ ವೋಲ್ಟೇ ಅದರ ಮೇಲೂ ಇದೆಯಾ ನೋಡಿ ಕೊಳ್ಳಿ. ಕ್ಯಾಮೆರಾ ಬ್ಯಾಟರಿಗೆ ಯುಎಸ್‌ಬಿಯಿಂದ ನಡೆಯುವ ಎರಡು ಬ್ಯಾಟರಿ ಕೂರುವ ಚಾರ್ಜರ್ ಇದೆ. ಹಲವು ಡ್ರೋನ್‌ಗಳಿಗೆ ಕಾರ್ ಚಾರ್ಜರೇ ಪ್ರತ್ಯೇಕ ಸಿಗುತ್ತದೆ. ಎಲ್ಲವನ್ನೂ ಒಟ್ಟಿಗೆ ಹಾಕದೆ, ಒಂದಾದ ಮೇಲೊಂದು ಹಾಕಿ. ಮುದ್ದೇಬಿಹಾಳದಿಂದ ವಿಜಯಪುರಕ್ಕೆ ಬರುವಷ್ಟರಲ್ಲಿ ಲ್ಯಾಪ್‌ಟಾಪ್ ಸಾಕಷ್ಟು ತುಂಬಿರುತ್ತದೆ, ವಾಪಸ್ ಹೋಗುವಾಗ ಉಳಿದದ್ದು.

ಡ್ರೋನ್ ಬ್ಯಾಟರಿ ಬಗ್ಗೆ ಒಂದು ಮಾತು. ಹಾರಿಸಿ ಇಳಿಸಿದ ತಕ್ಷಣ ಬಿಸಿ ಬ್ಯಾಟರಿಯನ್ನು ಚಾರ್ಜಿಗೆ ಹಾಕಬೇಡಿ, ಆರಲಿ. ಚಾರ್ಜಿಗೆ ಹಾಕಿ ಗಾಡಿ ಲಾಕ್ ಮಾಡಿ ಊಟಕ್ಕೂ ಹೋಗಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಹೊರಗೇ 40 ಡಿಗ್ರಿ ದಾಟಿರುತ್ತದೆ. ಗಾಜು ಏರಿಸಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ 60ರ ಹತ್ತಿರ ಹೋಗುತ್ತದೆ. ಲಿಥಿಯಂ ಬ್ಯಾಟರಿಗೆ ಆ ಕಾವು ಆಗಿಬರುವುದಿಲ್ಲ. ಇನ್ವರ್ಟರಿಗೂ ಇದೇ ಮಾತು. ಅದರ ಫ್ಯಾನಿನ ಬಾಯಿ ತೆರೆದಿರಬೇಕು. ಸೀಟಿನ ಕೆಳಗೆ, ಜಮಖಾನೆಯ ಮೇಲೆ, ಬಟ್ಟೆಯ ಚೀಲದ ಪಕ್ಕದಲ್ಲಿ ಇಡುವ ಸಾಮಾನಲ್ಲ ಅದು. ಎರೆ ಮಣ್ಣಿನ ಧೂಳು ಬೇರೆ, ಆರು ತಿಂಗಳಲ್ಲಿ ಫ್ಯಾನಿನ ರೆಕ್ಕೆ ತುಂಬಿಬಿಡುತ್ತದೆ. ಬ್ರಷ್ಷಿನಿಂದ ಆಗಾಗ ಝಾಡಿಸಿ.

ಎಲ್‌ಇಡಿ ಲೈಟು, ಕೆಲವು ಚಾರ್ಜರು, ಇವಕ್ಕೆ 230 ವೋಲ್ಟೇ ಬೇಕು ಅನ್ನುವುದಾದರೆ ಇನ್ವರ್ಟರ್ ಇಡಿ, ಆದರೆ ಲೈಟರ್ ಸಾಕೆಟ್ಟಿಗೆ ಹಾಕುವ ಆಸೆ ಬಿಡಿ. ನೇರ ಬ್ಯಾಟರಿಯಿಂದ ಪ್ರತ್ಯೇಕ ಲೈನ್ ಎಳೆಸಿ. ನಿಮಗೆ 300 ವ್ಯಾಟ್ ನಿರಂತರ ಕೊಡುವ ಇನ್ವರ್ಟರ್ ಬೇಕಾದಷ್ಟಾಯಿತು. 300 ಅಂದರೆ 30 ಆಂಪಿಯರ್. ಬಾನೆಟ್ಟಿನಿಂದ ಸೀಟಿನವರೆಗೆ ಮೂರು ನಾಲ್ಕು ಮೀಟರ್ ದೂರಕ್ಕೆ 16 ಚದರ ಮಿಲಿಮೀಟರಿನ ತಾಮ್ರದ ವೈರ್ ಹಾಕಿಸಿ. ಹತ್ತರದ್ದೂ ನಡೆಯುತ್ತದೆ, ಆದರೆ ಸಣ್ಣ ವೈರಿನಲ್ಲಿ ವೋಲ್ಟ್ ದಾರಿಯಲ್ಲೇ ಬೀಳುತ್ತದೆ, ಇನ್ವರ್ಟರ್ ಸುಮ್ನೆ ಕೂಗಲು ಶುರು ಮಾಡುತ್ತದೆ. ತಾಮ್ರ ಎಂದು ಹೇಳಿ ತಾಮ್ರದ ಬಣ್ಣ ಹಚ್ಚಿದ ಅಲ್ಯುಮಿನಿಯಂ ಕೊಡುವವರಿದ್ದಾರೆ. ತುದಿಯನ್ನು ಚಾಕುವಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ವಾಪಸ್ ಕೊಡಿ.

ಈ ಲೈನಿನಲ್ಲಿ ಜನ ತಪ್ಪು ಮಾಡುವುದು ಮೂರು ಕಡೆ. ಒಂದು, ಫ್ಯೂಜ್. 40 ಆಂಪಿಯರಿನ ಫ್ಯೂಜ್ ಬ್ಯಾಟರಿಯ ಪ್ಲಸ್ ಟರ್ಮಿನಲ್ಲಿನಿಂದ ಒಂದು ಗೇಣಿನೊಳಗೆ ಇರಬೇಕು. ಇನ್ವರ್ಟರಿನ ಹತ್ತಿರ ಇಟ್ಟರೆ ನಡುವಿನ ವೈರ್ ಎಲ್ಲಾದರೂ ಗಾಡಿಯ ತಗಡಿಗೆ ತಾಗಿದಾಗ ಅದನ್ನು ಕಾಯುವವರು ಯಾರೂ ಇರುವುದಿಲ್ಲ. ಎರಡು, ವೈರ್ ಒಳಗೆ ನುಗ್ಗುವ ತೂತು. ತಗಡಿನ ಅಂಚಿಗೆ ರಬ್ಬರ್ ಬಳೆ ಹಾಕದೆ ಎಳೆದರೆ ವರ್ಷದಲ್ಲಿ ಸಿಪ್ಪೆ ತಿಂದುಹೋಗುತ್ತದೆ. ಮೂರನೆಯದು ಈಗಿನ ಗಾಡಿಗಳ ತಂಟೆ. ಬ್ಯಾಟರಿಯ ಮೈನಸ್ ಟರ್ಮಿನಲ್ಲಿನ ಮೇಲೆ ಒಂದು ಸಣ್ಣ ಸೆನ್ಸರ್ ಕೂತಿರುತ್ತದೆ. ಎಷ್ಟು ಕರೆಂಟ್ ಹೋಯಿತು, ಎಷ್ಟು ಬಂತು ಎಂದು ಅದು ಎಣಿಸುತ್ತದೆ. ನಿಮ್ಮ ಮೈನಸ್ ವೈರನ್ನು ನೇರ ಟರ್ಮಿನಲ್ಲಿಗೆ ಕಟ್ಟಿದರೆ ಅದರ ಲೆಕ್ಕ ತಪ್ಪುತ್ತದೆ. ಅಂಥ ಗಾಡಿಯಲ್ಲಿ ಅದನ್ನು ಗಾಡಿಯ ತಗಡಿನ ಮೈಗೆ, ಅಂದರೆ ಬಾಡಿ ಅರ್ತ್‌ಗೆ ಕೊಡಬೇಕು. ಬಣ್ಣ ಕೆರೆದು, ವೈರಿನ ತುದಿಗೆ ಲಗ್ (ತೂತಿರುವ ಲೋಹದ ತುಂಡು) ಒತ್ತಿ, ಬೋಲ್ಟ್ ಬಿಗಿ ಮಾಡಿ. ಗಾಡಿ ಇನ್ನೂ ವಾರಂಟಿಯಲ್ಲಿದ್ದರೆ ಮೊದಲು ಶೋರೂಮಿನವರನ್ನು ಕೇಳಿ. ವೈರ್ ಕತ್ತರಿಸಿದ್ದು ಕಂಡರೆ ಆಮೇಲೆ ಅದನ್ನೇ ಹಿಡಿದು ಕೂರುತ್ತಾರೆ.

ಎರಡನೇ ಪ್ರಶ್ನೆ, ಬ್ಯಾಟರಿ ಹಾಳಾಗುತ್ತಾ ಅನ್ನುವುದು. ಆಗುತ್ತದೆ, ಎಂಜಿನ್ ಬಂದ್ ಮಾಡಿ ಬಳಸಿದರೆ.

ಮನೆಯ ಇನ್ವರ್ಟರ್ ಬ್ಯಾಟರಿ ಹಮಾಲ ಇದ್ದ ಹಾಗೆ, ಇಡೀ ದಿನ ಮೂಟೆ ಹೊರುತ್ತಾನೆ. ಕಾರಿನ ಬ್ಯಾಟರಿ ಪೈಲ್ವಾನ. ಅಖಾಡಕ್ಕೆ ಇಳಿದು ಒಂದು ಪಟ್ಟು ಹಾಕಿ ಎತ್ತಿ ಒಗೆದ, ಮುಗೀತು. ಕೀಲಿ ತಿರುಗಿಸಿದಾಗ ಸೆಲ್ಫ್ ನೂರು, ನೂರೈವತ್ತು ಆಂಪಿಯರ್ ಎಳೆಯುತ್ತದೆ, ಆದರೆ ಎರಡು ಮೂರು ಸೆಕೆಂಡು ಮಾತ್ರ. ಒಟ್ಟು ಲೆಕ್ಕದಲ್ಲಿ ಅದು ಬ್ಯಾಟರಿಯ ನೂರರಲ್ಲಿ ಒಂದು ಪಾಲೂ ಅಲ್ಲ. ಎಂಜಿನ್ ಹಿಡಿದ ಮೇಲೆ ಡೈನಮೋ ಅದನ್ನು ತುಂಬಿಕೊಡುತ್ತದೆ. ಈ ಕೆಲಸಕ್ಕಾಗಿ ಅದರೊಳಗೆ ತೆಳ್ಳಗಿನ, ಜಾಸ್ತಿ ಸಂಖ್ಯೆಯ ಪ್ಲೇಟುಗಳಿರುತ್ತವೆ. ಅದನ್ನು ತಳ ಕಾಣುವವರೆಗೆ ಇಳಿಸಿ, ಹಾಗೇ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತುಬಿಡುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಕಸುವು ಬರುವುದಿಲ್ಲ.

ನನ್ನದೇ ಒಂದು ಕತೆ ಹೇಳುತ್ತೇನೆ. 2011ರ ಏಪ್ರಿಲ್ 2, ಮುಂಬಯಿಯಲ್ಲಿ ವಿಶ್ವಕಪ್ ಫೈನಲ್. ನಾವೆಲ್ಲ ತಿಕೋಟಾ ಹತ್ತಿರ ಮಾವನ ದ್ರಾಕ್ಷಿ ತೋಟದಲ್ಲಿದ್ದೆವು. ಭಾರತ 275 ಬೆನ್ನಟ್ಟಲು ಇಳಿಯುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಯಿತು. ಎಲ್ಲರೂ ನನ್ನ ಮುಖ ನೋಡಿದರು. ವೈರಿಂಗ್ ಮೇಸ್ತ್ರಿ ಮನೆಯಲ್ಲಿದ್ದೂ ಮ್ಯಾಚ್ ತಪ್ಪಬೇಕಾ? ಡೀಸೆಲ್ ಜೀಪಿನ ಬ್ಯಾಟರಿಗೆ ಇನ್ವರ್ಟರಿನ ಕ್ಲಿಪ್ ಹಚ್ಚಿ ಟಿವಿ, ಡಿಶ್ ಡಬ್ಬಿ ಎರಡನ್ನೂ ಶುರು ಮಾಡಿದೆ. ಹಳೆಯ ಹೊಟ್ಟೆ ಟಿವಿ, 21 ಇಂಚಿನದು. ಎರಡೂ ಸೇರಿ 110 ವ್ಯಾಟ್ ಇದ್ದಿರಬೇಕು. ಎಂಜಿನ್ ಚಾಲೂ ಇಟ್ಟರೆ ಕಾಮೆಂಟರಿ ಕೇಳುವುದಿಲ್ಲ ಎಂದು ಬಂದ್ ಮಾಡಿಸಿದರು. ಇನ್ವರ್ಟರ್ ಒಮ್ಮೆಯೂ ಕೂಗಲಿಲ್ಲ. ನಾನೂ ನಿಶ್ಚಿಂತೆಯಿಂದ ಕೂತೆ. ಧೋನಿ ಸಿಕ್ಸರ್ ಹೊಡೆದರು, ತೋಟದ ತುಂಬ ಸಿಳ್ಳೆ. ಮನೆಗೆ ಹೊರಡೋಣ ಎಂದು ಕೀಲಿ ತಿರುಗಿಸಿದರೆ ಟಕ್ ಎಂದಿತು, ಅಷ್ಟೇ. ಗೆದ್ದ ಖುಷಿಯಲ್ಲೇ ಎಂಟು ಜನ ಎರೆ ಮಣ್ಣಿನಲ್ಲಿ ಜೀಪ್ ತಳ್ಳಿದರು, ಅದು ಕದಲಲಿಲ್ಲ. ಕೊನೆಗೆ ಪಕ್ಕದ ತೋಟದವರ ಟ್ರಾಕ್ಟರ್ ಬಂತು.

ಮರುದಿನ ಲೆಕ್ಕ ಹಾಕಿದೆ. 11 ಆಂಪಿಯರಿನಂತೆ ಮೂರು ತಾಸಿಗೂ ಮಿಕ್ಕಿ, 35 ಎಎಚ್ ಹೋಗಿತ್ತು. 65ರ ಬ್ಯಾಟರಿಯಲ್ಲಿ ಅರ್ಧ ಖಾಲಿ. ಇನ್ವರ್ಟರ್ ಯಾಕೆ ಕೂಗಲಿಲ್ಲ? ಇವು ಸಾಮಾನ್ಯವಾಗಿ ಕೂಗುವುದು ವೋಲ್ಟ್ 11ರ ಕೆಳಗೆ ಇಳಿದಾಗ, ಬಂದ್ ಆಗುವುದು 10.5ರ ಹತ್ತಿರ. ಅಷ್ಟು ಹೊತ್ತಿಗೆ ಗಾಡಿ ಸ್ಟಾರ್ಟ್ ಆಗುವ ಮಾತೇ ಇಲ್ಲ. ಲೋ ಬ್ಯಾಟರಿ ಕಟ್ ಇದೆ, ಭಯವಿಲ್ಲ ಎಂದು ಅಂಗಡಿಯವರು ಹೇಳಿದರೆ ಈ ಟ್ರಾಕ್ಟರ್ ನೆನಪಿಟ್ಟುಕೊಳ್ಳಿ.

ನೀವು ನೋಡಬೇಕಾದ ಅಂಕಿಗಳು ಇವು. ರಾತ್ರಿಯೆಲ್ಲ ನಿಂತ ಗಾಡಿಯ ಒಳ್ಳೆಯ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ. 12.2 ಅಂದರೆ ಅರ್ಧ ಆಯಿತು. ಎಂಜಿನ್ ಓಡುವಾಗ 13.8ರಿಂದ 14.4 ಇದ್ದರೆ ಡೈನಮೋ ಚಾರ್ಜ್ ಮಾಡುತ್ತಿದೆ. ಸ್ಮಾರ್ಟ್ ಚಾರ್ಜಿಂಗ್ ಇರುವ ಹೊಸ ಗಾಡಿಗಳಲ್ಲಿ ಈ ಅಂಕಿ ಮೇಲೆ ಕೆಳಗೆ ಆಡುತ್ತಿರುತ್ತದೆ, ಗಾಬರಿಯಾಗಬೇಡಿ. ಸಾಕೆಟ್ಟಿಗೆ ಸಿಕ್ಕಿಸುವ ಸಣ್ಣ ವೋಲ್ಟ್ ಮೀಟರ್ ಸಿಗುತ್ತದೆ, ಒಂದು ತಗೊಳ್ಳಿ. ಎಂಜಿನ್ ಬಂದ್ ಇದ್ದಾಗ 12.2ಕ್ಕೆ ಬಂತೆಂದರೆ ಎಲ್ಲವನ್ನೂ ಕಿತ್ತುಬಿಡಿ. ನಿಮ್ಮ 45ರ ಬ್ಯಾಟರಿಯಲ್ಲಿ ಧೈರ್ಯವಾಗಿ ಬಳಸಬಹುದಾದ್ದು 10 ಎಎಚ್ ಮಾತ್ರ. ಅಂದರೆ ಲ್ಯಾಪ್‌ಟಾಪ್ ಒಂದನ್ನೇ ಹಾಕಿದರೆ ಒಂದೂವರೆ ತಾಸು. ಬ್ಯಾಟರಿಗೆ ಮೂರು ವರ್ಷ ದಾಟಿದ್ದರೆ ಅದರಲ್ಲೂ ಅರ್ಧ ಹಿಡಿಯಿರಿ. ಇನ್ನೊಂದು, ಏನೂ ಹಚ್ಚದೆ ಆನ್ ಬಿಟ್ಟ ಇನ್ವರ್ಟರ್ ಕೂಡ ಅರ್ಧ ಆಂಪಿಯರಿನಷ್ಟು ತಿನ್ನುತ್ತಲೇ ಇರುತ್ತದೆ. ರಾತ್ರಿ ಮರೆತರೆ ಬೆಳಗ್ಗೆ ಐದು ಎಎಚ್ ಮಾಯ.

ಎಂಜಿನ್ ಚಾಲೂ ಇಟ್ಟರೆ ಬ್ಯಾಟರಿಗೆ ತೊಂದರೆ ಕಡಿಮೆ. ಆದರೆ ನಿಂತಲ್ಲೇ ಐಡಲಿಂಗ್‌ನಲ್ಲಿ ಡೈನಮೋ ತನ್ನ ಪೂರ್ತಿ ಶಕ್ತಿ ಕೊಡುವುದಿಲ್ಲ, ಅರ್ಧ ಕೊಟ್ಟರೆ ಹೆಚ್ಚು. ಅದರಲ್ಲಿ ಎಸಿಯ ಬ್ಲೋವರ್, ರೇಡಿಯೇಟರ್ ಫ್ಯಾನ್, ರಾತ್ರಿಯಾದರೆ ಹೆಡ್‌ಲೈಟ್, ಎಲ್ಲಕ್ಕೂ ಪಾಲು ಹೋಗಬೇಕು. ಹಾಗಾಗಿ ಭಾರದ ಸಾಮಾನು ಓಡುವ ಗಾಡಿಯಲ್ಲೇ ಚಾರ್ಜ್ ಆಗಲಿ. ಸಿಗ್ನಲ್ಲಿನಲ್ಲಿ ತಾನೇ ಎಂಜಿನ್ ಬಂದ್ ಆಗುವ ಗಾಡಿಯಾದರೆ ಅದರ ಬಟನ್ ಒತ್ತಿ ಅದನ್ನು ತಡೆಯಿರಿ. ಶುರು ಮಾಡುವ ಕ್ರಮ: ಮೊದಲು ಗಾಡಿ, ಆಮೇಲೆ ಇನ್ವರ್ಟರ್, ಕೊನೆಗೆ ಸಾಮಾನು. ಬಂದ್ ಮಾಡುವಾಗ ಇದರ ಉಲ್ಟಾ. ಸೆಲ್ಫ್ ಹೊಡೆಯುವಾಗ ವೋಲ್ಟ್ ಒಮ್ಮೆಲೇ ಬಿದ್ದು ಏಳುತ್ತದೆ, ಆ ಏಟು ನಿಮ್ಮ ಲ್ಯಾಪ್‌ಟಾಪಿನವರೆಗೆ ಹೋಗುವುದು ಯಾಕೆ?

ಚಾಲೂ ಎಂಜಿನ್ ಅಂದ ಮೇಲೆ ಇದನ್ನು ಹೇಳದೆ ಮುಂದೆ ಹೋಗಲಾರೆ. ಮದುವೆ ಮನೆಯ ಹಿಂದಿನ ಶೆಡ್ಡಿನಲ್ಲಿ, ಕಲ್ಯಾಣ ಮಂಟಪದ ನೆಲಮಾಳಿಗೆಯಲ್ಲಿ ಎಂಜಿನ್ ಹಚ್ಚಿಟ್ಟು ಒಳಗೆ ಕೂತು ಎಡಿಟಿಂಗ್ ಮಾಡಬೇಡಿ, ಎಸಿ ಹಾಕಿ ಮಲಗಲೂ ಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆ ನೋವು, ಮಂಪರು. ರಾತ್ರಿ ನಿದ್ದೆಗೆಟ್ಟವರು ಅದನ್ನು ದಣಿವು ಎಂದುಕೊಳ್ಳುತ್ತಾರೆ. ಹಾಗೇ ಎಚ್ಚರ ತಪ್ಪಿ ಜೀವ ಹೋಗುತ್ತದೆ. ಬಯಲಿನಲ್ಲಿ ನಿಲ್ಲಿಸಿ, ಗಾಜು ಇಳಿಸಿ.

ಇನ್ನು ನೆಬ್ಯುಲೈಸರ್. ಇದಕ್ಕೆ ಉತ್ತರ ನಿಮ್ಮ ಡಬ್ಬಿ ಕೊಡುವ ಕರೆಂಟ್ ಎಂಥದ್ದು ಅನ್ನುವುದರ ಮೇಲಿದೆ. ಮನೆಯ ಕರೆಂಟ್ ನುಣುಪಾದ ಅಲೆಯಂತೆ ಏರಿ ಇಳಿಯುತ್ತದೆ, ಸೆಕೆಂಡಿಗೆ 50 ಸಲ. ಪ್ಯೂರ್ ಸೈನ್ ವೇವ್ ಇನ್ವರ್ಟರ್ ಹಾಗೇ ಕೊಡುತ್ತದೆ. ಅಗ್ಗದ ಮಾಡಿಫೈಡ್ ಸೈನ್ ವೇವ್ ಡಬ್ಬಿಗಳು ಮೆಟ್ಟಿಲು ಮೆಟ್ಟಿಲಾಗಿ ಕೊಡುತ್ತವೆ. ಲ್ಯಾಪ್‌ಟಾಪ್, ಫೋನ್ ಚಾರ್ಜರ್‌ಗಳಿಗೆ ಬಹುತೇಕ ಇದು ನಡೆಯುತ್ತದೆ, ಅವು ಬಂದದ್ದನ್ನು ಮೊದಲು ಡಿಸಿ ಮಾಡಿಕೊಂಡೇ ಮುಂದಿನ ಕೆಲಸ ನೋಡುತ್ತವೆ. ಮೋಟಾರಿಗೆ, ಟ್ರಾನ್ಸ್‌ಫಾರ್ಮರಿಗೆ ನಡೆಯುವುದಿಲ್ಲ. ಗುಂಯ್ ಅನ್ನುತ್ತವೆ, ಕಾಯುತ್ತವೆ, ಕಸುವು ಕಳೆದುಕೊಳ್ಳುತ್ತವೆ. ನಿಮ್ಮ ಧಂದೆಗೂ ಇದು ಬೇಕಾದ ಮಾತು: ಸೌಂಡ್ ಮಿಕ್ಸರನ್ನು ಅಂಥ ಡಬ್ಬಿಯ ಮೇಲೆ ನಡೆಸಿದರೆ ಮಂಗಳಾಷ್ಟಕದ ಹಿಂದೆ ಜೀರುಂಡೆ ಕೂಗಿದಂತೆ ರೆಕಾರ್ಡ್ ಆಗಬಹುದು.

ಕಂಪ್ರೆಸರ್ ನೆಬ್ಯುಲೈಸರಿನೊಳಗೆ ಇರುವುದು ಅಂಥದೇ ಮೋಟಾರು. ಸಾಮಾನ್ಯವಾಗಿ 100ರಿಂದ 150 ವ್ಯಾಟ್, ಶುರುವಾಗುವಾಗ ಇನ್ನೂ ಜಾಸ್ತಿ. ಲೈಟರ್ ಸಾಕೆಟ್ಟಿನ ಮಿತಿಯಲ್ಲೇ ಅದು ತೂಗಾಡುತ್ತದೆ. ನಿಮ್ಮ ಈಗಿನ ಡಬ್ಬಿಯ ಮೇಲೆ ನಡೆಸಬೇಡಿ. ನೇರ ಬ್ಯಾಟರಿಗೆ ಕಟ್ಟಿಸಿದ ಪ್ಯೂರ್ ಸೈನ್ ಇನ್ವರ್ಟರ್ ಆದರೆ ನಡೆಯುತ್ತದೆ. ಅದಕ್ಕಿಂತ ಒಳ್ಳೆಯದು, ಸೆಲ್ಲಿನಿಂದ ಅಥವಾ ಯುಎಸ್‌ಬಿಯಿಂದ ನಡೆಯುವ ಮೆಶ್ ನೆಬ್ಯುಲೈಸರ್. ಅಂಗೈಯಲ್ಲಿ ಹಿಡಿಯುವಷ್ಟಿರುತ್ತದೆ. ಅಪ್ಪನವರ ಔಷಧಿ ಅದಕ್ಕೆ ಆಗುತ್ತದಾ, ದಾರಿಯಲ್ಲಿ ಸ್ಪೇಸರ್ ಹಾಕಿದ ಪಂಪ್ (ಇನ್‌ಹೇಲರ್) ಸಾಕಾ ಎಂದು ಡಾಕ್ಟರನ್ನು ಕೇಳಿಕೊಳ್ಳಿ. ಏನೇ ಇರಲಿ, ಉಸಿರಾಟದ ಯಂತ್ರಕ್ಕೆ ಕಾರಿನ ಇನ್ವರ್ಟರ್ ಒಂದನ್ನೇ ನಂಬಿ ಹೊರಡಬೇಡಿ. ದಮ್ಮು ಹತ್ತಿ ಮಾತಾಡಲಿಕ್ಕೂ ಆಗದಿದ್ದರೆ ಯಂತ್ರ ಜೋಡಿಸುತ್ತ ಕೂರದೆ 108ಕ್ಕೆ ಫೋನ್ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಗಾಡಿ ತಿರುಗಿಸಿ.

ಇನ್ವರ್ಟರಿನ ತೂತಿನಲ್ಲಿರುವುದು ಮನೆಯದೇ 230 ವೋಲ್ಟ್. 12 ವೋಲ್ಟಿನಿಂದ ಬಂದದ್ದು ಎಂದು ಸದರ ಬೇಡ. ಒದ್ದೆ ಕೈ, ಸಣ್ಣ ಮಕ್ಕಳು, ಮಳೆಯಲ್ಲಿ ತೆರೆದ ಡಿಕ್ಕಿ, ಇವಕ್ಕೆಲ್ಲ ಮನೆಯಲ್ಲಿ ಎಷ್ಟು ಹೆದರುತ್ತೀರೋ ಅಷ್ಟೇ ಇಲ್ಲೂ ಹೆದರಿ. ಕರೆಂಟ್ ಹೋದಾಗ ಇದರ ವೈರನ್ನು ಮನೆಯ ಪ್ಲಗ್ಗಿಗೆ ಉಲ್ಟಾ ಕೊಡುವ ಸಾಹಸವಂತೂ ಬೇಡವೇ ಬೇಡ. ಕಂಬದ ಮೇಲಿರುವ ಲೈನ್‌ಮನ್‌ಗೆ ಅದು ತಗಲುತ್ತದೆ.

ರಾತ್ರಿ ಮೆರವಣಿಗೆ, ಜಾತ್ರೆ ಎಂದು ತಾಸುಗಟ್ಟಲೆ ಲೈಟ್ ಬೇಕಾಗುವ ಕೆಲಸ ನಿಮಗೆ ಜಾಸ್ತಿಯಿದ್ದರೆ ಗಾಡಿಯ ಬ್ಯಾಟರಿಯನ್ನು ಅದರ ಪಾಡಿಗೆ ಬಿಡಿ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ, ನಮ್ಮ ಸಿದ್ಧೇಶ್ವರ ಜಾತ್ರೆಯಲ್ಲಿ ಗಾಡಿ ನಿಲ್ಲಿಸುವ ಜಾಗ ಒಂದು ಕಡೆ, ನೀವು ಶೂಟ್ ಮಾಡುವುದು ಇನ್ನೊಂದು ಕಡೆ. ಅಲ್ಲಿಯವರೆಗೆ ವೈರ್ ಎಳೆಯಲಾಗುತ್ತದಾ? ಇನ್ವರ್ಟರ್, ಬ್ಯಾಟರಿ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ಪವರ್ ಸ್ಟೇಷನ್ ಸಿಗುತ್ತದೆ. 500 ವ್ಯಾಟ್-ಅವರ್‌ನದು ನಿಮ್ಮ 60 ವ್ಯಾಟಿನ ಲೈಟನ್ನು ಏಳು ತಾಸು ಉರಿಸುತ್ತದೆ. ರಾತ್ರಿ ಮನೆಯಲ್ಲಿ ತುಂಬಿಸಿ, ಬೆಳಗ್ಗೆ ಡಿಕ್ಕಿಯಲ್ಲಿಟ್ಟು ಹೊರಡಿ. ಲಿಥಿಯಂ ಐರನ್ ಫಾಸ್ಫೇಟ್ ಇರುವುದನ್ನೇ ನೋಡಿ ತಗೊಳ್ಳಿ, ಬಾಳಿಕೆ ಹೆಚ್ಚು, ಬೆಂಕಿಯ ಭಯ ಕಡಿಮೆ. ದುಬಾರಿ ಹೌದು. ಹಾಗೆಂದು ಮನೆಯ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿ ಎತ್ತಿ ಡಿಕ್ಕಿಯಲ್ಲಿಡುವ ಉಪಾಯ ಮಾಡಬೇಡಿ. ಮಣಭಾರ, ತಿರುವಿನಲ್ಲಿ ಆ್ಯಸಿಡ್ ಚೆಲ್ಲುತ್ತದೆ, ಚಾರ್ಜ್ ಆಗುವಾಗ ಹೊರಬರುವ ಹೈಡ್ರೋಜನ್ ಮುಚ್ಚಿದ ಗಾಡಿಯೊಳಗೆ ಒಂದು ಕಿಡಿಗೆ ಕಾಯುತ್ತಿರುತ್ತದೆ. ಮುಂದೆಂದಾದರೂ ಎಲೆಕ್ಟ್ರಿಕ್ ಕಾರ್ ತಗೊಂಡರೆ ವಿ2ಎಲ್ ಇದೆಯಾ ಕೇಳಿ. ಅದಿದ್ದರೆ ಓಡಿಸುವ ದೊಡ್ಡ ಬ್ಯಾಟರಿಯಿಂದಲೇ 230 ವೋಲ್ಟ್ ಹೊರಗೆ ಸಿಗುತ್ತದೆ.

ಕೊನೆಗೆ ಉಳಿದದ್ದು ಮನೆಯವರ ಕೆಟಲ್. 1500 ವ್ಯಾಟಿನದಿರುತ್ತದೆ. ಹತ್ತರಿಂದ ಭಾಗಿಸಿ, 150 ಆಂಪಿಯರ್. ಸೆಲ್ಫನ್ನು ನಾಲ್ಕು ನಿಮಿಷ ಬಿಡದೆ ಹೊಡೆದಂತೆ. ಆಗದ ಮಾತು. ಮಿಕ್ಸರ್, ಇಸ್ತ್ರಿ ಪೆಟ್ಟಿಗೆ, ಹೇರ್ ಡ್ರೈಯರ್‌ಗೂ ಇದೇ ಉತ್ತರ. ಲೈಟರ್ ಸಾಕೆಟ್ಟಿಗೆಂದೇ 12 ವೋಲ್ಟಿನ ಕೆಟಲ್ ಮಾರುತ್ತಾರೆ, 120 ವ್ಯಾಟಿನದು, ಅದು ನಡೆಯುತ್ತದೆ. ಆದರೆ ಒಂದು ಲೀಟರ್ ನೀರು ಕುದಿಸಲು ಅದಕ್ಕೆ ಮುಕ್ಕಾಲು ತಾಸಿಗೂ ಜಾಸ್ತಿ ಬೇಕು. ಅಷ್ಟರಲ್ಲಿ ವಿಜಯಪುರ ಬಿಟ್ಟ ಗಾಡಿ ಕೊಲ್ಹಾರ ಸೇರಿರುತ್ತದೆ. ಅಲ್ಲಿ ಚಹಾ ಸಿಗುತ್ತದೆ, ಕುಡಿಕೆಯ ಮೊಸರೂ ಸಿಗುತ್ತದೆ. ಮನೆಯವರಿಗೆ ಒಂದು ಒಳ್ಳೆಯ ಥರ್ಮಾಸ್ ಕೊಡಿಸಿ.